ಕಡೂರಿಗೆ ಎಷ್ಟು ಅಕ್ಷರ?

‘ಸಿಸ್ಟಮ್ ಅಡ್ಮಿನ್ ಅಂದ್ರೆ ಏನ್ ಕೆಲಸ?’ ಎಂದು ಕಡೂರಿನ ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ, ಎಲೆ ಹಾಕಿದ್ದಾರಾ ನೋಡಿಕೊಂಡು ಬರುತ್ತೇನೆಂದು ಎದ್ದುಬಿಡುತ್ತೇನೆ. ವಿವರಿಸಿ ಗೆದ್ದವರನ್ನು ನಾನು ಕಂಡಿಲ್ಲ. ‘ಕಂಪ್ಯೂಟರ್ ರಿಪೇರಿನಾ?’ ಎಂಬಲ್ಲಿ ಶುರುವಾದ ಮಾತು ‘ಹಂಗಾದ್ರೆ ನಮ್ಮನೆ ಪ್ರಿಂಟರ್ ಒಂಚೂರು ನೋಡಪ್ಪ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಡಿಕೆ ರೇಟು, ತೆಂಗಿನ ರೋಗ, ಮಳೆ ಯಾಕೆ ತರೀಕೆರೆವರೆಗೆ ಬಂದು ಅಲ್ಲಿಂದಲೇ ವಾಪಸ್ಸಾಗುತ್ತದೆ ಎಂಬಂಥ ಗಟ್ಟಿ ವಿಷಯಗಳಿರುವ ಊರು ನಮ್ಮದು. ಎಲ್ಲೋ ದೂರದಲ್ಲಿರುವ ನೂರಾರು ಸರ್ವರುಗಳ ಡಿಸ್ಕ್ ತುಂಬಿತೇ, ನಿನ್ನೆ ರಾತ್ರಿಯ ಬ್ಯಾಕಪ್ ಆಯಿತೇ, ಕೆಲಸ ಬಿಟ್ಟು ಹೋದವನ ಲಾಗಿನ್ ತೆಗೆದರೇ ಎಂದು ನೋಡಿಕೊಳ್ಳುವುದೂ ಒಂದು ಉದ್ಯೋಗ ಎಂದರೆ ಇಲ್ಲಿ ಯಾರು ನಂಬಬೇಕು?

ನೋಡಿಕೊಳ್ಳುವುದು ಎಂದರೆ ಪರದೆಯ ಮುಂದೆ ಕಣ್ಣು ನೆಟ್ಟು ಕೂರುವುದಲ್ಲ. ಕೈಯಾರೆ ಮಾಡಿದ ಕೆಲಸವನ್ನು ಮತ್ತೆ ಮಾಡಲು ಬೇಜಾರಾಗಿ, ಅದಕ್ಕೊಂದು ಪುಟ್ಟ ಪ್ರೋಗ್ರಾಮು ಬರೆದು, ರಾತ್ರಿ ತಾನೇ ಓಡುವಂತೆ ಕ್ರಾನ್‌ಗೆ ಒಪ್ಪಿಸಿ ಮಲಗುವುದು. ಪರ್ಲ್ ಭಾಷೆ ಕಟ್ಟಿದ ಲ್ಯಾರಿ ವಾಲ್ ಪ್ರೋಗ್ರಾಮರುಗಳ ಮೂರು ಸದ್ಗುಣ ಹೇಳುವಾಗ ಸೋಮಾರಿತನವನ್ನು ಮೊದಲಿಗೇ ಇಟ್ಟಿದ್ದಾರೆ. ಆ ಲೆಕ್ಕದಲ್ಲಿ ನಮ್ಮಷ್ಟು ಸದ್ಗುಣಿಗಳು ಯಾರೂ ಇಲ್ಲ. ಸರಿ, ಆ ಪುಟ್ಟ ಪ್ರೋಗ್ರಾಮನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಈ ಕಸುಬಿನವರು ಇಬ್ಬರು ಸೇರಿದ ಕಡೆ ಮೂರು ಅಭಿಪ್ರಾಯ ಹುಟ್ಟುತ್ತದೆ. ನಮ್ಮ ಕುಟುಂಬದಲ್ಲಿ ಇಬ್ಬರಿದ್ದೇವೆ.

ಒಬ್ಬ ನಾನು, ಶೆಲ್ಲು-ಪರ್ಲ್ ಕಾಲದವನು. ಇನ್ನೊಬ್ಬ ಅಕ್ಕನ ಮಗ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಪೀಜಿ ಖಾಲಿ ಮಾಡಿ ಬಂದವನು ಕಡೂರಿನ ಮನೆಯ ಮಹಡಿ ರೂಮಿನಲ್ಲಿ ಯುಪಿಎಸ್ಸು, ಎರಡು ಕಂಪನಿಯ ಇಂಟರ್‌ನೆಟ್ಟು ಇಟ್ಟುಕೊಂಡು ಇಲ್ಲೇ ಉಳಿದುಬಿಟ್ಟ. ನಮ್ಮ ಕಾಲದಲ್ಲಿ ಸಿಸ್ಟಮ್ ಅಡ್ಮಿನ್ ಅನ್ನುತ್ತಿದ್ದ ಕೆಲಸಕ್ಕೆ ಅವನ ಕಾಲಕ್ಕೆ ಡೆವ್‌ಆಪ್ಸ್ ಅಂತ ಹೆಸರಾಯಿತು, ಆಮೇಲೆ ಎಸ್‌ಆರ್‌ಇ ಅಂತಾಯಿತು. ಹೆಸರು ಬದಲಾದಾಗಲೆಲ್ಲ ಸಂಬಳ ಏರಿತು. ನಡುರಾತ್ರಿ ಫೋನು ಬರುವುದು ಮಾತ್ರ ಹಾಗೇ ಇದೆ.

ಅವನಿಗೆ ಶೆಲ್ ಕಂಡರಾಗದು. ಆಗದಿರುವುದಕ್ಕೆ ಕಾರಣಗಳೂ ಇವೆ, ಸುಳ್ಳು ಹೇಳಬಾರದು. ಯುನಿಕ್ಸಿಗೆ 1971ರಲ್ಲಿ ಕೆನ್ ಥಾಂಪ್ಸನ್ ಮೊದಲ ಶೆಲ್ ಬರೆದರು. 1979ರಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಅದರ ಜಾಗಕ್ಕೆ ಬಂತು. ಇವತ್ತು ಎಲ್ಲ ಕಡೆ ಕಾಣುವ ಬ್ಯಾಷ್ 1989ರಲ್ಲಿ ಬ್ರಯಾನ್ ಫಾಕ್ಸ್ ಹೊರತಂದದ್ದು. ಬೋರ್ನ್ ಅವರಿಗೆ ಆಲ್ಗಾಲ್ ಭಾಷೆಯ ಮೇಲೆ ಪ್ರೀತಿ. ಹಾಗಾಗಿ ‘ಇಫ್’ ಎಂದು ತೆರೆದರೆ ಅದನ್ನೇ ತಿರುಗಿಸಿ ‘ಫಿ’ ಎಂದು ಮುಚ್ಚಬೇಕು, ‘ಕೇಸ್’ ತೆರೆದರೆ ‘ಎಸ್ಯಾಕ್’ ಎಂದು ಮುಚ್ಚಬೇಕು. ಆ ಪ್ರಕಾರ ‘ಡೂ’ ತೆರೆದರೆ ‘ಆಡ್’ ಎಂದಾಗಬೇಕಿತ್ತಲ್ಲ? ಆ ಹೆಸರಿನ ಕಮಾಂಡು ಯುನಿಕ್ಸಿನಲ್ಲಿ ಮೊದಲೇ ಇತ್ತು, ಹಾಗಾಗಿ ‘ಡನ್’. ಇಂಥ ಭಾಷೆಯನ್ನು ಈಗಿನ ಹುಡುಗರು ಗೌರವಿಸಬೇಕು ಎಂದು ನಾನೂ ಒತ್ತಾಯಿಸುವುದಿಲ್ಲ. ಸಮಸಂಜ್ಞೆಯ ಆಚೀಚೆ ಒಂದು ಖಾಲಿ ಜಾಗ ಬಿಟ್ಟರೆ ಸಿಟ್ಟಾಗುವ, ಫೈಲಿನ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಅದನ್ನು ಎರಡು ಫೈಲೆಂದುಕೊಳ್ಳುವ ಭಾಷೆ ಅದು.

ಅಳಿಯನ ದೇವರು ಗೋ. ಗೂಗಲ್‌ನವರು 2009ರಲ್ಲಿ ಹೊರಗೆ ಬಿಟ್ಟು, 2012ರಲ್ಲಿ ಒಂದನೇ ಆವೃತ್ತಿ ಕೊಟ್ಟ ಭಾಷೆ. ಡಾಕರ್, ಕುಬರ್ನೆಟೀಸ್, ಟೆರಾಫಾರ್ಮ್ ಎಲ್ಲ ಅದರಲ್ಲೇ ಬರೆದದ್ದು. ಕಂಪೈಲ್ ಮಾಡಿದರೆ ಒಂದೇ ಒಂದು ಫೈಲು ಬರುತ್ತದೆ, ಪೆನ್‌ಡ್ರೈವಿನಲ್ಲಿ ಒಯ್ದು ಎಲ್ಲಿ ಬೇಕಾದರೂ ಓಡಿಸು, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ ಎಂಬುದು ಅವನ ಸ್ತೋತ್ರ. ನನ್ನದು ಹಳೆಯ ಮಂತ್ರ: ಏನೂ ಒಯ್ಯದೆ ಬರಿಗೈಯಲ್ಲಿ ಹೋದರೂ ಸಿಗುವುದು ಯಾವುದು? ಯಾವ ಲಿನಕ್ಸ್ ಸರ್ವರಿಗೆ ಲಾಗಿನ್ ಆದರೂ ಶೆಲ್ ಇದೆ, ಸೆಡ್ ಇದೆ, 1977ರ ಆಕ್ ಇದೆ. ಡೆಬಿಯನ್ ಆದರೆ ಪರ್ಲ್ ಕೂಡ ಹುಟ್ಟಿನಿಂದಲೇ ಇರುತ್ತದೆ. ಈ ಇಬ್ಬರ ನಡುವೆ ಪೈಥಾನ್ ನಿಂತಿದೆ. ಗೀಡೊ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಶುರು ಮಾಡಿ 1991ರಲ್ಲಿ ಹೊರತಂದದ್ದು. ನಾನು ಅದನ್ನು ಬೈಯುವುದು ಸಾಲಿನ ಮೊದಲ ಖಾಲಿ ಜಾಗಕ್ಕೂ ಅರ್ಥ ಕಟ್ಟುತ್ತದೆಂದು, ಅವನು ಬೈಯುವುದು ನಿಧಾನವೆಂದು. ಇಬ್ಬರೂ ಬೈಯುತ್ತಲೇ ದಿನಾ ಅದರಲ್ಲೇ ಬರೆಯುತ್ತೇವೆ.

ಇಲ್ಲಿ ನಮ್ಮ ತಾಲ್ಲೂಕಿನ ಒಂದು ಹಳೇ ಕಥೆ ಹೇಳಬೇಕು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆ ಎಂದೇ ಹೆಸರು. ಜಿಲ್ಲಾ ಕಚೇರಿ 1865ರಲ್ಲೇ ಗಂಟುಮೂಟೆ ಕಟ್ಟಿಕೊಂಡು ಚಿಕ್ಕಮಗಳೂರಿಗೆ ಹೋಯಿತು. ಹೆಸರು ಮಾತ್ರ 1947ರವರೆಗೆ ಕಡೂರು ಜಿಲ್ಲೆಯೇ. ಕಚೇರಿ ಹೋದ ಮೇಲೂ 82 ವರ್ಷ ಹೆಸರು ಹಾಗೇ ಉಳಿಯಿತು. ಊರಿನವರು ಇದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ನನಗೆ ಮಾತ್ರ ಇದು ನಮ್ಮ ಕಸುಬಿನ ನಿತ್ಯದ ನೋಟ. ‘ತಾತ್ಕಾಲಿಕ’ ಎಂದು ಹೆಸರಿಟ್ಟು ಯಾರೋ ಒಂದು ಮಧ್ಯಾಹ್ನ ಬರೆದ ಸ್ಕ್ರಿಪ್ಟು, ಬರೆದವನು ಕೆಲಸ ಬಿಟ್ಟು, ಕಂಪನಿ ಕೈಬದಲಾಗಿ, ಸರ್ವರು ಎರಡು ಸಲ ಬದಲಾದ ಮೇಲೂ ಅದೇ ಹೆಸರಿನಲ್ಲಿ ರಾತ್ರಿ ರಾತ್ರಿ ಓಡುತ್ತಿರುತ್ತದೆ. ಪೈಥಾನಿನವರು 2008ರಲ್ಲಿ ಮೂರನೇ ಆವೃತ್ತಿ ತಂದರು; ಎರಡನೆಯದಕ್ಕೆ ಪೂರ್ತಿ ವಿದಾಯ ಹೇಳಲು 2020ರ ಜನವರಿ ಒಂದರವರೆಗೆ ಕಾಯಬೇಕಾಯಿತು. ಅದಾದ ಮೇಲೂ ಎಲ್ಲೆಲ್ಲಿ ಅವಿತುಕೊಂಡಿದೆಯೋ. ಹಾಗಾಗಿ ಭಾಷೆ ಆರಿಸುವಾಗ ಬರೆಯುವವನಿಗೆ ಏನು ಇಷ್ಟ ಎಂಬುದು ನನಗೆ ಅಷ್ಟು ದೊಡ್ಡ ಪ್ರಶ್ನೆಯಲ್ಲ. ಆ ಯಂತ್ರದಲ್ಲಿ ಈಗಾಗಲೇ ಏನಿದೆ, ಕೆಟ್ಟ ದಿನ ಅದನ್ನು ತೆರೆದು ಓದುವವರು ಯಾರು, ಇವೆರಡು ಸಾಕು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಭಾವನ ಪ್ರೆಸ್ಸಿನಿಂದ ಕಲಿತದ್ದು.

ಭಾವನದು ಕಡೂರಿನಲ್ಲಿ ಚಿಕ್ಕ ಪ್ರೆಸ್ಸು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಶ್ರದ್ಧಾಂಜಲಿಯ ಫ್ಲೆಕ್ಸಿಗೆ ನಾಲ್ಕು ಸಾಲು. ಮ್ಯಾಟರ್ ಟೈಪ್ ಮಾಡುವುದಕ್ಕೆ ಒಬ್ಬಳು ಹುಡುಗಿ ಇದ್ದಾಳೆ. ಕಂಪ್ಯೂಟರಿನಲ್ಲಿ ವರ್ಷಗಟ್ಟಲೆಯ ಫೈಲುಗಳು ಬಿದ್ದಿವೆ. ಅವುಗಳ ಹೆಸರುಗಳನ್ನು ನೋಡಿದರೆ ಶೆಲ್ ಬಲ್ಲ ಯಾರಿಗಾದರೂ ಚಳಿಜ್ವರ ಬರಬೇಕು: ‘ಮದುವೆ ಹೊಸದು’, ‘ಮದುವೆ ಹೊಸದು ಫೈನಲ್’, ‘ಫೈನಲ್ ಪಕ್ಕಾ’, ‘ಪಕ್ಕಾ ಫೈನಲ್ 2’. ಪ್ರತಿಯೊಂದರಲ್ಲೂ ಒಂದೆರಡು ಖಾಲಿ ಜಾಗ. ಭಾವನ ಬೇಡಿಕೆ ಸರಳ. ದೊಡ್ಡ ಮಗಳ ಮದುವೆಗೆ ಪತ್ರಿಕೆ ಮಾಡಿಸಿದವರು ಚಿಕ್ಕ ಮಗಳ ಮದುವೆಗೆ ಬಂದು ‘ಅವತ್ತಿನದೇ ಇರ್ಲಿ, ಹೆಸರು ಬದ್ಲಾಯ್ಸಿ’ ಅನ್ನುತ್ತಾರೆ. ಆ ಹಳೇದು ಎಲ್ಲಿದೆ? ಮನೆಯವರ ಹೆಸರೋ ಊರಿನ ಹೆಸರೋ ಕೊಟ್ಟರೆ ಫೈಲು ಸಿಗಬೇಕು.

‘ಇಷ್ಟೇನಾ’ ಅಂದೆ ನಾನು. ಅಷ್ಟೇ ಆಗಿರಲಿಲ್ಲ, ಯಾಕೆಂದರೆ ಮ್ಯಾಟರೆಲ್ಲ ಹಳೆಯ ನುಡಿಯಲ್ಲಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಇಲ್ಲದಿದ್ದರೆ ನಮ್ಮ ತಾಲ್ಲೂಕು ಕಚೇರಿಗಳೂ ಪ್ರೆಸ್ಸುಗಳೂ ಕಂಪ್ಯೂಟರಿನಲ್ಲಿ ಕನ್ನಡದ ಮುಖ ನೋಡುವುದು ಇನ್ನೂ ತಡವಾಗುತ್ತಿತ್ತು, ಆ ಋಣ ದೊಡ್ಡದು. ಆದರೆ ಹಳೆಯ ನುಡಿ ಫೈಲಿನ ಒಳಗಿರುವುದು ಕನ್ನಡವಲ್ಲ, ಕನ್ನಡದ ಆಕಾರಗಳು. ಫಾಂಟು ಕಳಚಿ ನೋಡಿದರೆ ರೋಮನ್ ಅಕ್ಷರಗಳ ಸಂತೆ. ನಕಾರದ ಮೈಯಿರುವ ಜಾಗದಲ್ಲಿ ಬ್ರಿಟಿಷರ ಪೌಂಡ್ ಗುರುತು ಕೂತಿರುತ್ತದೆ, ತಲೆಕಟ್ಟಿಗೆ ನೆತ್ತಿಯ ಮೇಲೆ ಗೀಟೆಳೆದ ಎ ಅಕ್ಷರ. ಇಂಥ ಫೈಲುಗಳಲ್ಲಿ ‘ನಾಗರಾಜ’ ಎಂದು ಹುಡುಕಿದರೆ ಯಾವ ನಾಗರಾಜನೂ ಓ ಎನ್ನುವುದಿಲ್ಲ. ಮೊದಲು ಯೂನಿಕೋಡಿಗೆ ತರಬೇಕು.

ಇದು ಕೇಳಿದರೆ ಸೆಡ್ಡಿನ ಕೆಲಸ ಅನ್ನಿಸುತ್ತದೆ: ಈ ಗುರುತಿಗೆ ಈ ಅಕ್ಷರ ಎಂದು ಒಂದು ಪಟ್ಟಿ, ಒಂದೊಂದಾಗಿ ಬದಲಿಸುತ್ತಾ ಹೋಗು. ಮುಕ್ಕಾಲು ಪಾಲು ಹಾಗೇ ಆಗುತ್ತದೆ. ಉಳಿದ ಕಾಲು ಪಾಲಿನಲ್ಲಿ ಕನ್ನಡ ತನ್ನ ಬಣ್ಣ ತೋರಿಸುತ್ತದೆ. ‘ಕರ್ನಾಟಕ’ ಎಂದು ಬರೆಯುವಾಗ ನಾವು ‘ನಾ’ ಬರೆದು ಆಮೇಲೆ ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತೇವೆ. ನುಡಿಯೂ ಹಾಗೇ, ಕಣ್ಣಿಗೆ ಕಾಣುವ ಕ್ರಮದಲ್ಲೇ ಇಟ್ಟುಕೊಂಡಿದೆ. ಯೂನಿಕೋಡಿಗೆ ಬಾಯಿಯ ಕ್ರಮ ಬೇಕು, ಮೊದಲು ‘ರ್’, ಆಮೇಲೆ ‘ನಾ’. ಅಂದರೆ ಅರ್ಕಾವತ್ತು ಒಂದು ಇಡೀ ಅಕ್ಷರವನ್ನು, ಅದರ ಗುಣಿತ ಒತ್ತುಗಳ ಸಮೇತ, ಹಾರಿ ಹಿಂದಕ್ಕೆ ಹೋಗಬೇಕು. ‘ನಿನ್ನೆ’ಯಲ್ಲಿ ಇದರ ಉಲ್ಟಾ: ನುಡಿಯಲ್ಲಿ ‘ನೆ’ ಮೊದಲು, ಒತ್ತು ನಂತರ, ಯೂನಿಕೋಡಿನಲ್ಲಿ ಒತ್ತು ಕೂಡಿಕೊಂಡ ಮೇಲೆ ಏತ್ವ. ಸೆಡ್ಡಿನಲ್ಲಿ ಇದನ್ನು ಮಾಡಲು ಆಗುವುದೇ ಇಲ್ಲ ಎಂದೇನಲ್ಲ. ಮಾಡಿದ ಮೇಲೆ ಅದನ್ನು ಮನುಷ್ಯರು ಓದಲಾಗುವುದಿಲ್ಲ. ಪರ್ಲಿನಲ್ಲಿ ಒಂದೇ ಸಾಲಿನಲ್ಲಿ ಹಾರಿಸಬಹುದು, ಓದುವ ವಿಷಯದಲ್ಲಿ ಅದೂ ಹೆಚ್ಚೂಕಡಿಮೆ ಹಾಗೇ. ಶೆಲ್ಲಿನಿಂದ ಇಳಿಯಬೇಕಾದ ನಿಲ್ದಾಣ ಇದೇ ಎಂದು ನನಗೂ ಗೊತ್ತಾಯಿತು. ಗೂಗಲ್‌ನವರ ಒಳನಿಯಮಗಳಲ್ಲಿ, ಶೆಲ್ ಸ್ಕ್ರಿಪ್ಟು 100 ಸಾಲು ದಾಟಿದರೆ ಬೇರೆ ಭಾಷೆಗೆ ಹೋಗಿ ಎಂದಿದೆ. ಸಾಲು ಎಣಿಸುವುದಕ್ಕಿಂತ ಅರ್ಕಾವತ್ತು ಎದುರಾಯಿತೇ ಎಂದು ನೋಡುವುದು ಕನ್ನಡಿಗರಿಗೆ ಒಳ್ಳೆಯ ಅಳತೆ.

ಅಳಿಯ ಇಷ್ಟರಲ್ಲಿ ಸ್ಟೀಮ್ ಕಥೆ ತೆಗೆದಿದ್ದ. ಶೆಲ್ಲಿನ ಮಾತು ಬಂದಾಗಲೆಲ್ಲ ತೆಗೆಯುತ್ತಾನೆ. 2015ರ ಜನವರಿಯಲ್ಲಿ ಬೆಳಕಿಗೆ ಬಂದದ್ದು. ಲಿನಕ್ಸಿನಲ್ಲಿ ಆಟ ಆಡುವವರ ಸ್ಟೀಮ್ ತಂತ್ರಾಂಶದಲ್ಲಿ ಒಂದು ಶೆಲ್ ಸ್ಕ್ರಿಪ್ಟು. ತನ್ನ ಫೋಲ್ಡರು ಎಲ್ಲಿದೆ ಎಂದು ಒಂದು ವೇರಿಯಬಲ್ಲಿನಲ್ಲಿ ಇಟ್ಟುಕೊಂಡು, ಆ ಫೋಲ್ಡರಿನ ಒಳಗಿರುವುದನ್ನೆಲ್ಲ ಅಳಿಸು ಎನ್ನುವ ಸಾಲು ಅದರಲ್ಲಿತ್ತು. ಒಬ್ಬ ಬಳಕೆದಾರ ಫೋಲ್ಡರನ್ನು ಬೇರೆ ಕಡೆ ಸರಿಸಿದ್ದರಿಂದ ವೇರಿಯಬಲ್ ಖಾಲಿ ಬಂತು. ಖಾಲಿಯ ಮುಂದೆ ಒಂದು ಓರೆಗೆರೆ ಇದ್ದರೆ ಅದರ ಅರ್ಥ ಇಡೀ ಕಂಪ್ಯೂಟರಿನ ಬೇರು. ಅಲ್ಲಿಂದ ಶುರುವಾಗಿ ಆತನ ಕಡತಗಳೆಲ್ಲ ಗುಡಿಸಿಹೋದವು, ತಗುಲಿಸಿದ್ದ ಬ್ಯಾಕಪ್ ಡಿಸ್ಕಿನ ಸಮೇತ. ಬರೆದವರು ಆ ಸಾಲಿನ ಪಕ್ಕದಲ್ಲೇ ‘ಭಯ ಆಗತ್ತೆ’ ಎಂಬರ್ಥದ ಟಿಪ್ಪಣಿ ಬೇರೆ ಹಾಕಿಟ್ಟಿದ್ದರು. ‘ಮಾವ, ಇದೇ ಗೋದಲ್ಲಿ ಆಗಿದ್ರೆ ವೇರಿಯಬಲ್ ಡಿಕ್ಲೇರ್ ಮಾಡದೇ ಕಂಪೈಲೇ ಆಗ್ತಿರ್ಲಿಲ್ಲ’ ಅಂದ. ‘ಡಿಕ್ಲೇರ್ ಮಾಡಿ ಖಾಲಿ ಬಿಟ್ಟಿದ್ರೆ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಾದ. ಆದರೂ ಅವನ ಮಾತಿನಲ್ಲಿ ತಿರುಳಿದೆ. ತಪ್ಪಾದರೆ ಅಲ್ಲೇ ನಿಂತು ಕೂಗಿಕೊಳ್ಳುವ ಭಾಷೆ ಬೇಕು. ಶೆಲ್ಲಿನದು ಹುಟ್ಟುಗುಣ, ನಾವಾಗಿ ನಿಲ್ಲಿಸು ಎಂದು ಹೇಳಿಡದಿದ್ದರೆ ಒಂದು ಸಾಲು ಸತ್ತರೂ ಮುಂದಿನ ಸಾಲಿಗೆ ಹೊರಟೇಬಿಡುತ್ತದೆ.

ಆಮೇಲೆ ನಾವಿಬ್ಬರೂ ಭಾಷೆಗಳಿಗೆ ಒಂದು ಪರೀಕ್ಷೆ ಇಟ್ಟೆವು. ‘ಕಡೂರು’ ಎಂಬಲ್ಲಿ ಎಷ್ಟು ಅಕ್ಷರ? ಅಂಗನವಾಡಿಯ ಮಗು ಹೇಳುತ್ತದೆ, ಮೂರು. ಗೋ ಭಾಷೆಯ ಉದ್ದ ಅಳೆಯುವ ಕಮಾಂಡನ್ನು ಕೇಳಿದರೆ 15 ಅನ್ನುತ್ತದೆ, ಏಕೆಂದರೆ ಅದು ಎಣಿಸುವುದು ಬೈಟುಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ರೂನ್, ಅಂದರೆ ಸಂಕೇತದ ಲೆಕ್ಕದಲ್ಲಿ ಹೇಳು ಎಂದು ಕಿವಿ ಹಿಂಡಿದರೆ 5. ಪೈಥಾನ್ 3 ಕೇಳಿದ ಕೂಡಲೇ 5 ಎನ್ನುತ್ತದೆ: ಕ, ಡ, ದೀರ್ಘದ ಕೊಂಬು, ರ, ಕೊಂಬು. ಬ್ಯಾಷ್ ಇನ್ನೂ ತಮಾಷೆ. ಲೊಕೇಲ್ ಯುಟಿಎಫ್-8 ಇದ್ದರೆ 5, ಹಳೆಯ ಸಿ ಲೊಕೇಲ್ ಇದ್ದರೆ 15. ಹಗಲು ಟರ್ಮಿನಲ್ಲಿನಲ್ಲಿ ಐದೆಂದ ಸ್ಕ್ರಿಪ್ಟು ಕೆಲವು ಯಂತ್ರಗಳಲ್ಲಿ ರಾತ್ರಿ ಕ್ರಾನಿನ ಕೈಗೆ ಹೋದಾಗ ಹದಿನೈದೆನ್ನುವುದು ಇದರಿಂದಲೇ. ಉಬುಂಟುವಿನಲ್ಲಿ ಹುಟ್ಟಿನಿಂದ ಬಂದಿರುವ ಮಾಕ್ ಎಂಬ ಆಕ್‌ಗೆ ಬಹುಕಾಲ ಬೈಟು ಬಿಟ್ಟು ಬೇರೆ ಪ್ರಪಂಚವೇ ಗೊತ್ತಿರಲಿಲ್ಲ. ಗ್ನೂ ಆಕ್ ಆದರೆ 5.

ಮಗುವಿನ ಹಾಗೆ ಮೂರು ಎನ್ನುವವರು ಯಾರೂ ಇಲ್ಲವೇ? ನನ್ನ ಮುದಿ ಪರ್ಲ್ ಇದೆ. ಯುಟಿಎಫ್-8 ಎಂದು ಮೊದಲೇ ಹೇಳಿಟ್ಟು, ಸಂಕೇತ ಬೇಡ, ಗುಂಪು ಗುಂಪಾಗಿ ಎಣಿಸು ಎಂದರೆ ‘ಕ’, ‘ಡೂ’, ‘ರು’ ಎಂದು ಮೂರು ಹೇಳುತ್ತದೆ. ನಾನು ಎದೆಯುಬ್ಬಿಸುವಷ್ಟರಲ್ಲಿ ಅಳಿಯ ‘ಅಜ್ಜಂಪುರ ಕೊಡಿ ನೋಡೋಣ’ ಅಂದ. ಕೊಟ್ಟೆವು. ನಮ್ಮ ಕಣ್ಣಿಗೆ ಅ, ಜ್ಜಂ, ಪು, ರ, ನಾಲ್ಕು. ಪರ್ಲ್ ‘ಜ್ಜಂ’ ಅನ್ನು ‘ಜ್’ ಮತ್ತು ‘ಜಂ’ ಎಂದು ಸೀಳಿ ಐದು ಮಾಡಿತು. ಅದರ ತಪ್ಪೇನಿಲ್ಲ, ಯೂನಿಕೋಡಿನ ನಿಯಮವೇ ಕನ್ನಡದ ಒತ್ತಕ್ಷರವನ್ನು ಹಾಗೆ ಒಡೆಯುತ್ತದೆ. ತರೀಕೆರೆ ಮಾತ್ರ ಒತ್ತಿಲ್ಲದ ಸಾಧು ಊರು. ನಾಲ್ಕಕ್ಕೆ ನಾಲ್ಕು ಸರಿಯಾಗಿ ಬಂತು.

ಭಾವ ಇದನ್ನೆಲ್ಲ ಎಷ್ಟು ಹೊತ್ತು ನೋಡಿಯಾರು? ‘ಆಯ್ತು, ಇದು ನಮ್ಮ ಕಂಪ್ಯೂಟರಲ್ಲಿ ಓಡುತ್ತಾ?’ ಎಂದರು. ಅಲ್ಲಿಗೆ ನನ್ನ ಬರಿಗೈ ಮಂತ್ರ ಮಕಾಡೆ ಮಲಗಿತು. ಪ್ರೆಸ್ಸಿನದು ವಿಂಡೋಸ್. ಅಲ್ಲಿ ಬ್ಯಾಷೂ ಇಲ್ಲ, ಸೆಡ್ಡೂ ಇಲ್ಲ, ಪರ್ಲೂ ಇಲ್ಲ. ಬರಿಗೈಯಲ್ಲಿ ಹೋದರೆ ಸಿಗುವುದು ಪವರ್‌ಶೆಲ್. ಜೆಫ್ರಿ ಸ್ನೋವರ್ ಮುಂದಾಳತ್ವದಲ್ಲಿ ಮೈಕ್ರೋಸಾಫ್ಟ್ 2006ರಲ್ಲಿ ಹೊರತಂದದ್ದು. 2016ರಲ್ಲಿ ಲಿನಕ್ಸಿಗೂ ಬಂತು. ಒಳ್ಳೆಯ ಭಾಷೆಯೇ, ಅದನ್ನು ಕಂಡರೆ ಮೂಗು ಮುರಿಯುವ ಲಿನಕ್ಸಿನವರ ಜಂಬ ನನಗೆ ಹಿಡಿಸುವುದಿಲ್ಲ. ಆದರೆ ವಿಂಡೋಸಿನ ಜೊತೆ ಬರುವುದು ಹಳೆಯ 5.1. ಯುಟಿಎಫ್-8ರಲ್ಲಿರುವ ಫೈಲಿನ ತಲೆಯ ಮೇಲೆ ಅದಕ್ಕೆ ಬೇಕಾದ ಗುರುತು ಇಲ್ಲದಿದ್ದರೆ ಅದನ್ನು ಹಳೇ ಕಾಲದ ಸಂಕೇತವೆಂದುಕೊಂಡು ಓದುತ್ತದೆ. ಇಷ್ಟು ಕಷ್ಟಪಟ್ಟು ಯೂನಿಕೋಡಿಗೆ ತಂದ ಕನ್ನಡ ಮತ್ತೆ ಗೀಟೆಳೆದ ಎ ಅಕ್ಷರಗಳಾಗಿ ಕೂತಿತು.

‘ನೋಡಿ, ಇದಕ್ಕೇ ಹೇಳೋದು ಗೋ ಅಂತ. ಒಂದು ಎಕ್ಸಿ ಫೈಲ್ ಮಾಡಿಕೊಡ್ತೀನಿ, ಅಪ್ಪ ಡಬಲ್ ಕ್ಲಿಕ್ ಮಾಡಿದ್ರೆ ಮುಗೀತು’ ಎಂದ ಅಳಿಯ. ನನಗೆ ಎದುರು ಹೇಳಲು ಏನೂ ಹೊಳೆಯಲಿಲ್ಲ. ಹೊಳೆದದ್ದು ಭಾವನಿಗೆ. ‘ನಿಮ್ಮ ಮಾವ ಬೆಂಗ್ಳೂರಿಗೆ ಹೋಗ್ತಾನೆ. ನೀನು ರಾತ್ರಿ ಕೆಲ್ಸ ಅಂತ ಹಗಲೆಲ್ಲ ಮಲಗಿರ್ತೀಯ. ಮದುವೆ ಸೀಸನ್ನಲ್ಲಿ ಇದು ಕೈಕೊಟ್ರೆ ನಾನ್ ಯಾರನ್ನ ಕೇಳ್ಲಿ? ಆ ಎಕ್ಸಿ ಒಳಗಡೆ ಏನೈತೆ ಅಂತ ಬಿಚ್ಚಿ ನೋಡಕ್ಕಾಗುತ್ತಾ?’

ಕಂಪೈಲಾದ ಪ್ರೋಗ್ರಾಮಿನ ಬಗ್ಗೆ ಇಷ್ಟು ನೇರವಾದ ಟೀಕೆಯನ್ನು ಬೆಂಗಳೂರಿನ ಯಾವ ರೂಟ್‌ಕಾನ್ಫ್ ಸಮ್ಮೇಳನದಲ್ಲೂ ನಾನು ಕೇಳಿಲ್ಲ. ಹಾಗಾದರೆ ಸುತ್ತಮುತ್ತ ಯಾರಿಗೆ ಏನು ಬರುತ್ತದೆ? ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯ ತಂತ್ರಾಂಶವನ್ನು ಎನ್‌ಐಸಿಯವರು ವಿಷುಯಲ್ ಬೇಸಿಕ್‌ನಲ್ಲಿ ಬರೆದಾಗ ಇದೇ ಪ್ರಶ್ನೆ ಅವರ ಮುಂದೂ ಇದ್ದಿರಬೇಕು ಎಂದು ನನ್ನ ಊಹೆ. ಆ ಕಾಲದಲ್ಲಿ ಬಸ್‌ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಸೆಂಟರುಗಳ ಬೋರ್ಡಿನಲ್ಲೆಲ್ಲ ಅದೇ ಹೆಸರು. ಈಗ? ಮ್ಯಾಟರ್ ಟೈಪ್ ಮಾಡುವ ಹುಡುಗಿಯ ತಮ್ಮ ಎಂಜಿನಿಯರಿಂಗ್ ಮೊದಲ ವರ್ಷ. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೇ ಪೈಥಾನ್ ಪರಿಚಯವಿದೆ. ಭಾನುವಾರ ಊರಿಗೆ ಬಂದಾಗ ಅವನನ್ನು ಕೂರಿಸಿ ಕೇಳಿದೆವು. ಲೂಪು, ಡಿಕ್ಷನರಿ, ಫೈಲು ಓದುವುದು, ಅಷ್ಟು ಬರುತ್ತದೆ. ನುಡಿಯ ಪಟ್ಟಿಗೆ ಬೇಕಾದದ್ದೂ ಅಷ್ಟೇ.

ಪೈಥಾನ್ ಇನ್‌ಸ್ಟಾಲ್ ಮಾಡಿದೆವು. ಅರ್ಕಾವತ್ತು ಹಾರಿಸುವುದಕ್ಕೆ ನಾನು ಹತ್ತು ಸಾಲು ಬರೆದೆ, ಪರ್ಲ್ ಆಗಿದ್ದರೆ ಒಂದೇ ಸಾಲು ಎಂದು ಗೊಣಗುತ್ತಲೇ. ಅಳಿಯ ಟೆಸ್ಟುಗಳನ್ನು ಬರೆದ. ಡಬಲ್ ಕ್ಲಿಕ್ಕಿಗೆಂದು ಒಂದು ಬ್ಯಾಚ್ ಫೈಲು, ಅದರಲ್ಲಿ ಮೂರು ಸಾಲು. ಎಂಬತ್ತರ ದಶಕದ ಆ ಬ್ಯಾಚ್ ಭಾಷೆಯನ್ನು ಯಾರೂ ಹೊಗಳುವುದಿಲ್ಲ, ಆದರೆ ಇದ್ದಲ್ಲೇ ಇದೆ. ‘ಪಕ್ಕಾ ಫೈನಲ್ 2’ ಕೂಡ ಖಾಲಿ ಜಾಗದ ಸಮೇತ ಒಂದೇ ಫೈಲಾಗಿ ಬಂತು. ನಾಗರಾಜರು ಸಾಲುಸಾಲಾಗಿ ಓ ಎಂದರು.

ಭಾವ ಪ್ರೋಗ್ರಾಮು ಕೊಟ್ಟ ಊರುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು, ಪ್ರೂಫ್ ನೋಡುವ ಅಭ್ಯಾಸಕ್ಕೆ ಕೆಂಪು ಪೆನ್ನು ಹಿಡಿದು ಕೂತರು. ಬಳ್ಳಾರಿಗೆ ಒಂದು ಗೀಟು ಬಿತ್ತು. ‘ಇದು ಬಸೂರಿನ ಮೇಲೆ ಯಾಕ್ ಬಂತು? ಸ, ಹ, ಳ ಅಲ್ವೇನ್ರೋ ವರ್ಣಮಾಲೆ?’ ಹೌದು. ಯೂನಿಕೋಡಿನ ಸಂಖ್ಯೆಗಳಲ್ಲಿ ಳಕಾರ ಲಕಾರದ ಪಕ್ಕದಲ್ಲೇ ಕೂತಿದೆ, ವಕಾರಕ್ಕೂ ಮೊದಲು. ಸಂಖ್ಯೆ ನೋಡಿ ಸಾಲು ಮಾಡುವ ಯಾವ ಭಾಷೆಯಾದರೂ ಬಳ್ಳಾರಿಯನ್ನು ಮೇಲಕ್ಕೇ ಹತ್ತಿಸುತ್ತದೆ. ಇದನ್ನು ಭಾವನಿಗೆ ವಿವರಿಸಿದೆವು. ‘ಅದೆಲ್ಲ ನಂಗೊತ್ತಿಲ್ಲ, ಳ ಕೊನೇಗೆ’ ಎಂದರು. ‘ಹತ್ತು ನಿಮಿಷ, ಗೋದಲ್ಲಿ ಬರೆದುಬಿಡ್ತೀನಿ’ ಎಂದು ಅಳಿಯ ಲ್ಯಾಪ್‌ಟಾಪ್ ತೆರೆದ. ‘ಪರ್ಲಲ್ಲಿ ಎರಡೇ ನಿಮಿಷ’ ಎಂದು ನಾನೂ ಕುರ್ಚಿ ಎಳೆದುಕೊಂಡೆ.

‘ಇಬ್ರೂ ಸುಮ್ನಿರಿ’ ಎಂದರು ಭಾವ. ‘ಭಾನುವಾರ ಆ ಹುಡುಗ ಬರ್ತಾನೆ.’